ಫೋನ್ ಸಿಗದ ದಿನ ಮನೆಯವರು ಸಿಗುವುದು ಹೇಗೆ? ಪೋಷಕರಿಗೊಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಈ ಪತ್ರ ಅಂಕಗಳ ಬಗ್ಗೆಯೂ ಅಲ್ಲ, ಹಾಜರಿ ಬಗ್ಗೆಯೂ ಅಲ್ಲ. ನಿಮ್ಮನ್ನು ಒಂದು ಪ್ರಶ್ನೆ ಕೇಳಬೇಕು. ಮಗು ಶಾಲೆಯಲ್ಲಿ, ನೀವು ಕೆಲಸದಲ್ಲಿ ಇರುವಾಗ ಪ್ರವಾಹವೋ ಭೂಕಂಪವೋ ಬಂತು ಅಂದುಕೊಳ್ಳಿ. ಫೋನ್ ಹೋಗುತ್ತಿಲ್ಲ. ಆಗ ಏನು ಮಾಡಬೇಕು ಅಂತ ಮನೆಯಲ್ಲಿ ಎಂದಾದರೂ ಮಾತಾಡಿದ್ದೀರಾ?

ಫೋನ್ ಇದೆಯಲ್ಲ ಅಂತ ನಾವು ಧೈರ್ಯವಾಗಿರುತ್ತೇವೆ. ಆದರೆ ಒಂದು ಟವರ್ ಒಂದು ಹೊತ್ತಿಗೆ ಇಂತಿಷ್ಟೇ ಕರೆಗಳನ್ನು ತಡೆದುಕೊಳ್ಳುತ್ತದೆ. ಎಲ್ಲರೂ ಒಟ್ಟಿಗೆ ಕರೆ ಮಾಡಿದರೆ ಹೆಚ್ಚಿನವರಿಗೆ ಲೈನೇ ಸಿಗುವುದಿಲ್ಲ. ಕರೆಂಟು ಹೋದರೆ ಟವರಿನ ಬ್ಯಾಟರಿಯೂ ಜಾಸ್ತಿ ಹೊತ್ತು ಬಾಳುವುದಿಲ್ಲ. ಜಪಾನಿನವರು 1995ರ ಕೋಬೆ ಭೂಕಂಪದಲ್ಲಿ ಇದನ್ನು ಕಂಡರು. 1998ರಲ್ಲಿ ಅಲ್ಲಿ 171 ಎಂಬ ಫೋನ್ ಸೇವೆ ಶುರುವಾಯಿತು. ದುರಂತದ ಹೊತ್ತಿನಲ್ಲಿ ಅದಕ್ಕೆ ಕರೆ ಮಾಡಿ, ಒಂದು ಫೋನ್ ನಂಬರಿನ ಹೆಸರಿನಲ್ಲಿ ಸಂದೇಶ ಹೇಳಿಟ್ಟರೆ ಮನೆಯವರು ಆಮೇಲೆ ಕೇಳಿಸಿಕೊಳ್ಳಬಹುದು. ಆದರೆ ಯಾವ ನಂಬರ್ ಅನ್ನೋದು ಎಲ್ಲರಿಗೂ ಮೊದಲೇ ಗೊತ್ತಿರಬೇಕು. ಅಷ್ಟು ಒಳ್ಳೆಯ ಏರ್ಪಾಡಿದ್ದರೂ ಮನೆಯೊಳಗಿನ ಮಾತುಕತೆ ತಪ್ಪಲಿಲ್ಲ, ಅಲ್ವಾ?

ಹಾಗಾಗಿ ಮೊದಲು ದೂರದ ಊರಿನಲ್ಲಿರುವ ಒಬ್ಬರನ್ನು ಆರಿಸಿಕೊಳ್ಳಿ. ಅತ್ತೆಯೋ, ಚಿಕ್ಕಪ್ಪನೋ, ನಂಬಿಕೆಯ ಗೆಳತಿಯೋ ಆಗಬಹುದು. ನಮ್ಮೂರಿನೊಳಗೆ ಕರೆ ಹೋಗದಿದ್ದರೂ ಹೊರಗಿನ ಊರಿಗೆ ಹೋಗುವ ಸಾಧ್ಯತೆ ಇರುತ್ತದೆ. ಅವರ ಮನೆಯಲ್ಲಿ ಕರೆಂಟು ಇರುತ್ತದೆ, ಅವರ ಮನಸ್ಸೂ ಸ್ಥಿಮಿತದಲ್ಲಿರುತ್ತದೆ. ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಅವರಿಗೇ ಸುದ್ದಿ ಮುಟ್ಟಿಸಬೇಕು. ಯಾರು ಎಲ್ಲಿದ್ದಾರೆ ಅಂತ ಅವರು ಬರೆದಿಟ್ಟುಕೊಂಡು ಉಳಿದವರಿಗೆ ಹೇಳುತ್ತಾರೆ. ಇದಕ್ಕೆ ಅವರ ಒಪ್ಪಿಗೆಯನ್ನು ಈಗಲೇ ಕೇಳಿಬಿಡಿ. ಅಪ್ಪ ಅಮ್ಮ ಬೇರೆ ಬೇರೆ ಮನೆಗಳಲ್ಲಿದ್ದರೂ ಮಗುವಿಗೆ ಈ ವ್ಯಕ್ತಿ ಒಬ್ಬರೇ ಇರಲಿ. ಇಬ್ಬರೂ ಕೂತು ಒಪ್ಪಿಕೊಳ್ಳಿ ಅಂತ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಆ ದೂರದ ಊರಿನವರ ನಂಬರ್ ಮಗುವಿಗೆ ಬಾಯಿಪಾಠ ಆಗಿರಬೇಕು. ಫೋನ್ ಆಫ್ ಆದರೆ ಅದರಲ್ಲಿ ಉಳಿಸಿಟ್ಟ ನಂಬರುಗಳೂ ಸಿಗುವುದಿಲ್ಲ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ ನೋಡಿ. ನೀವೂ ನೋಡದೆ ಹೇಳಿ. ಚಿಕ್ಕ ಮಕ್ಕಳಾದರೆ ಚೀಟಿಯಲ್ಲಿ ಬರೆದು, ನೀರು ತಾಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬ್ಯಾಗಿನ ಒಳಜೇಬಿನಲ್ಲಿಡಿ.

ಕರೆಗಿಂತ ಎಸ್‌ಎಂಎಸ್ ವಾಸಿ. ಅದಕ್ಕೆ ನೆಟ್‌ವರ್ಕಿನಲ್ಲಿ ಬೇಕಾದ ಜಾಗ ತೀರಾ ಕಡಿಮೆ. ತಲುಪಬೇಕಾದ ಫೋನ್ ಸಿಗದಿದ್ದರೆ ಫೋನ್ ಕಂಪನಿಯ ಯಂತ್ರ ಆ ಸಂದೇಶವನ್ನು ಇಟ್ಟುಕೊಂಡು ಮತ್ತೆ ಮತ್ತೆ ಕಳಿಸಲು ನೋಡುತ್ತದೆ. ವಾಟ್ಸಾಪ್ ಗ್ರೂಪ್ ಒಂದನ್ನೇ ನಂಬಬೇಡಿ, ಇಂಟರ್ನೆಟ್ ಇಲ್ಲದಿದ್ದರೆ ಅದು ನಡೆಯುವುದಿಲ್ಲ. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಾದರೆ 160 ಅಕ್ಷರ ಹಿಡಿಯುತ್ತದೆ, ಕನ್ನಡವಾದರೆ 70 ಮಾತ್ರ, ಅದರಲ್ಲಿ ಒತ್ತು, ಕೊಂಬುಗಳೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಚಿಕ್ಕದಾಗಿ ಬರೆಯಿರಿ: ‘ಕ್ಷೇಮ. ಶಾಲೆಯಲ್ಲಿದ್ದೇನೆ.’ ಇಷ್ಟು ಸಾಕು.

ಸೇರುವ ಜಾಗಗಳು ಎರಡಿರಲಿ. ಬೆಂಕಿಯಂಥದ್ದಕ್ಕೆ ಮನೆಯ ಹೊರಗೆ ಹತ್ತಿರದಲ್ಲೇ ಒಂದು, ಮನೆಯ ಕಡೆ ಹೋಗಲಾಗದಿದ್ದರೆ ಬಡಾವಣೆಯಾಚೆ ಇನ್ನೊಂದು. ಸುಮ್ನೆ ‘ಪಾರ್ಕು’ ಅನ್ನಬೇಡಿ. ಯಾವ ಗೇಟು ಅಂತ ಹೇಳಿ, ಮಗುವನ್ನು ಕರೆದುಕೊಂಡು ಹೋಗಿ ತೋರಿಸಿ.

ಇನ್ನು ಶಾಲೆಯ ಮಾತು. ನೀವು ಬರುವುದು ಎಷ್ಟೇ ತಡವಾದರೂ ನಾವು ಮಕ್ಕಳ ಜೊತೆಗೇ ಇರುತ್ತೇವೆ. ನೀರು ತುಂಬಿದ ರಸ್ತೆಯಲ್ಲಿ ಜೀವ ಪಣಕ್ಕಿಟ್ಟು ಬರಬೇಡಿ. ನೀವು ಬರೆದುಕೊಟ್ಟ ಹೆಸರಿನವರಿಗೆ ಬಿಟ್ಟು ಬೇರೆ ಯಾರಿಗೂ ಮಗುವನ್ನು ಒಪ್ಪಿಸುವುದಿಲ್ಲ, ಪಕ್ಕದ ಮನೆಯವರೇ ಬಂದರೂ ಅಷ್ಟೇ. ಆ ಗಡಿಬಿಡಿಯಲ್ಲಿ ಇದು ನಿಮಗೆ ಕಠಿಣ ಅನ್ನಿಸಬಹುದು. ಆದರೂ ಈ ನಿಯಮವನ್ನು ನಾನು ಸಡಿಲ ಮಾಡುವುದಿಲ್ಲ. ಪಕ್ಕದ ಮನೆಯವರ ಮೇಲೆ ನಿಮಗೆ ನಂಬಿಕೆಯಿದ್ದರೆ ಅವರ ಹೆಸರನ್ನೂ ಈಗಲೇ ಸೇರಿಸಿ.

ಇದರ ಜೊತೆ ಒಂದು ಚೀಟಿ ಕಳಿಸಿದ್ದೇನೆ. ದೂರದ ಊರಿನವರ ನಂಬರ್ ಮತ್ತು ಮಗುವನ್ನು ಕರೆದೊಯ್ಯಬಹುದಾದವರ ಹೆಸರು ತುಂಬಿ, ಶುಕ್ರವಾರದೊಳಗೆ ತರಗತಿಯ ಶಿಕ್ಷಕರಿಗೆ ತಲುಪಿಸಿ. ಮುಂದೆ ನಂಬರ್ ಬದಲಾದರೆ ಅವತ್ತೇ ತಿಳಿಸಿ.

ಇಂತಿ,
ಮುಖ್ಯ ಶಿಕ್ಷಕಿ