ಹಳೇ ಎಸ್‌ಯುವಿ ತಗೊಳ್ಳೋರು ಮೊದ್ಲು ಗಾಡಿ ಕೆಳಗೆ ಬಗ್ಗಿ ನೋಡಿ

ಮಾನ್ಯ ಸಂಪಾದಕರೇ,

ಹೊಸ ಗಾಡಿ ಬಂದಾಗೆಲ್ಲ ಸ್ಕ್ರೀನ್ ಎಷ್ಟು ದೊಡ್ಡದು, ಸನ್‌ರೂಫ್ ಇದ್ಯಾ ಅಂತ ಪೇಪರಲ್ಲಿ ಅರ್ಧ ಪೇಜ್ ಬರುತ್ತೆ, ಬರಲಿ, ಆದ್ರೆ ನಮ್ಮ ಮಲೆನಾಡು ಕಡೆ ತೋಟಕ್ಕೂ ಮನೆಗೂ ಆಗುತ್ತೆ ಅಂತ ಜನ ತಗೊಳ್ತಿರೋದು ಹತ್ತು ಹನ್ನೆರಡು ವರ್ಷ ಓಡಿರೋ ಸ್ಕಾರ್ಪಿಯೋ, ಬೊಲೆರೋ, ಸಫಾರಿ, ಡಸ್ಟರ್. ಅವರಿಗೆ ಉಪಯೋಗಕ್ಕೆ ಬರೋದನ್ನೂ ದಯವಿಟ್ಟು ಬರೆಸಿ. ನಾನು ಗ್ಯಾರೇಜ್ ಕೆಲಸದವನು, ಗಾಡಿ ತಗೊಂಡ ಮೇಲೆ ನಮ್ಮ ಹತ್ರ ಬರೋರೇ ಎಲ್ಲ, ದುಡ್ಡು ಕೊಡೋಕೆ ಮುಂಚೆ ಕರ್ಕೊಂಡು ಹೋಗಿ ತೋರಿಸೋರು ಕಮ್ಮಿ.

ಜನ ಪೇಂಟ್ ನೋಡ್ತಾರೆ, ಸೀಟ್ ಕವರ್ ನೋಡ್ತಾರೆ, ಎರಡು ಸಲ ರೈಸ್ ಮಾಡಿ ಇಂಜಿನ್ ಸೂಪರ್ ಅಂತಾರೆ. ಇಂಜಿನ್ನಿಗೆ ಎಷ್ಟೇ ಖರ್ಚಾದ್ರೂ ರಿಪೇರಿ ಅಂತ ಒಂದಿದೆ, ಚಾಸಿಸ್, ಅಂದ್ರೆ ಗಾಡಿ ಭಾರ ಹೊರೋ ಕಬ್ಬಿಣದ ಚೌಕಟ್ಟು, ತುಕ್ಕು ಹಿಡಿದು ತೂತಾದ್ರೆ ಆ ಗಾಡಿ ಮುಗೀತು ಅಂತಲೇ ಲೆಕ್ಕ. ಸ್ಕಾರ್ಪಿಯೋ, ಬೊಲೆರೋ, ಹಳೇ ಸಫಾರಿ ಎಲ್ಲ ಏಣಿ ಥರದ ಲ್ಯಾಡರ್ ಚಾಸಿಸ್ ಮೇಲೆ ಬಾಡಿ ಕೂರಿಸಿರೋ ಗಾಡಿಗಳು, ಆ ಏಣಿಯ ಉದ್ದದ ರೈಲ್ ಒಳಗೆ ಟೊಳ್ಳು, ಕೆಸರು ಹೋಗಿ ಒಣಗದೆ ಕೂತ್ಕೊಂಡ್ರೆ ತುಕ್ಕು ಒಳಗಿಂದ ತಿನ್ಕೊಂಡು ಬರುತ್ತೆ, ಹೊರಗೆ ನೋಡಿದ್ರೆ ಏನೂ ಗೊತ್ತಾಗಲ್ಲ, ಮಂಗಳೂರು ಉಡುಪಿ ಕಾರವಾರದ ಉಪ್ಪುಗಾಳೀಲಿ ನಿಂತ ಗಾಡಿ ಆದ್ರಂತೂ ಇನ್ನೂ ಬೇಗ. ಒಂದು ಸ್ಪ್ಯಾನರ್ ತಗೊಂಡು ಹಿಂದಿನ ಚಕ್ರದ ಮೇಲೆ ಚಾಸಿಸ್ ಬಾಗೋ ಜಾಗ, ಸ್ಪ್ರಿಂಗ್ ಕೂರೋ ಬ್ರಾಕೆಟ್ ಸುತ್ತ ಮೆಲ್ಲಗೆ ತಟ್ಟಿ. ಠಣ್ ಅಂದ್ರೆ ಸರಿ, ದಪ್ ಅಂದು ಹಕ್ಕಳೆ ಉದುರಿದ್ರೆ ಎಷ್ಟು ಕಮ್ಮಿಗೆ ಕೊಟ್ರೂ ಬೇಡ. ಹಳೇ ಗಾಡಿಗೆ ಕೆಳಗೆಲ್ಲ ಮೊನ್ನೆ ಮೊನ್ನೆ ಕಪ್ಪು ಕೋಟಿಂಗ್ ಹೊಡೆದಿದ್ರೆ ಯಾಕೆ ಹೊಡೆಸಿದ್ರು ಅಂತ ಕೇಳಿ.

ಆಮೇಲೆ ಇಂಜಿನ್. ಬರೋ ತನಕ ಸ್ಟಾರ್ಟ್ ಮಾಡ್ಬೇಡಿ ಅಂತ ಹಿಂದಿನ ದಿನವೇ ಹೇಳಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ರೆ ಏನೋ ಮುಚ್ಚಿಡ್ತಿದ್ದಾರೆ ಅಂತ ಅನುಮಾನ ಪಡಿ, ಯಾಕಂದ್ರೆ ಡೀಸೆಲ್ ಗಾಡಿ ನಿಜ ಹೇಳೋದು ತಣ್ಣಗಿದ್ದಾಗ ಮಾತ್ರ. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ, ಪಿಸ್ಟನ್ ರಿಂಗೋ, ಇಂಜಿನ್ನಿಗೆ ಗಾಳಿ ತುಂಬೋ ಟರ್ಬೋನೋ ನೋಡ್ಬೇಕು. ಬಿಸಿ ಆದ್ಮೇಲೂ ಬಿಳಿ ಹೊಗೆ ನಿಲ್ಲದಿದ್ರೆ ಇಂಜಿನ್ ಹೆಡ್ ಕೆಳಗಿನ ಸೀಲ್, ಅಂದ್ರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಇಲ್ಲ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್. ಐಡಲಲ್ಲಿ ಓಡ್ತಿರುವಾಗಲೇ ಇಂಜಿನ್ ಆಯಿಲ್ ಕ್ಯಾಪ್ ಬಿಚ್ಚಿ ಆಯಿಲ್ ಹಾಕೋ ಬಾಯಿ ಮೇಲೆ ಸುಮ್ನೆ ಇಟ್ಟು ನೋಡಿ, ಸ್ವಲ್ಪ ಅಲುಗಾಡೋದು ಇದ್ದದ್ದೇ, ಬುಸುಬುಸು ಹೊಗೆ ಬಂದು ಕ್ಯಾಪ್ ಕುಣಿಯೋಕೆ ಶುರು ಆದ್ರೆ ಇಂಜಿನ್ ಕೆಲಸ ಹತ್ರ ಬಂತು ಅಂತ ಅರ್ಥ. ರೇಡಿಯೇಟರ್ ಕ್ಯಾಪ್ ಮಾತ್ರ ತಣ್ಣಗಿದ್ದಾಗಲೇ ತೆಗೀಬೇಕು, ಬಿಸೀಲಿ ತೆಗೆದ್ರೆ ಮುಖ ಸುಡುತ್ತೆ. ಡಸ್ಟರ್ 1.5 ಡೀಸೆಲ್ ಆದ್ರೆ ಪಿಸ್ಟನ್ ವಾಲ್ವ್ ಎರಡಕ್ಕೂ ತಾಳ ಹೊಂದಿಸೋ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಬಿಲ್ ತೋರಿಸೋಕೆ ಹೇಳಿ, ಓಡ್ತಿರುವಾಗ ಅದು ತುಂಡಾದ್ರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತೆ, ಬಿಲ್ ಇಲ್ಲ ಅಂದ್ರೆ ಬದಲಾಯಿಸಿಲ್ಲ ಅಂತಲೇ ತಿಳ್ಕೊಂಡು ಆ ದುಡ್ಡು ರೇಟಲ್ಲಿ ಕಟ್ ಮಾಡಿ.

ಓಡಿಸೋಕೆ ಚಡಾವು ಇರೋ ರಸ್ತೇನೇ ಬೇಕು. ಮೇಲಿನ ಗೇರಲ್ಲಿ ಎಕ್ಸಲರೇಟರ್ ಕೊಟ್ಟಾಗ ಇಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ರೆ ಕ್ಲಚ್ ಪ್ಲೇಟ್ ಸವೆದಿದೆ, ಶಿರಾಡಿ ಘಾಟಿ ಹತ್ತೋ ಗಾಡಿಗೆ ಇದು ಸಣ್ಣ ವಿಷಯ ಅಲ್ಲ. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಟ ಇದ್ರೆ ಬೇರಿಂಗ್ ಇಲ್ಲ ಬಾಲ್ ಜಾಯಿಂಟ್, ಎಡ ಬಲ ಹಿಡಿದಾಗ ಆಟ ಇದ್ರೆ ಸಾಮಾನ್ಯವಾಗಿ ಸ್ಟೇರಿಂಗ್ ಕಡೆಯ ಟೈ ರಾಡ್ ಎಂಡ್. ಫೋರ್ ವೀಲ್ ಡ್ರೈವ್ ಗಾಡಿಗೆ ಜಾಸ್ತಿ ದುಡ್ಡು ಕೊಡೋದು ಆ ಫೋರ್ ವೀಲಿಗೇ ಅಲ್ವಾ, ಹಾಗಾಗಿ ಮಣ್ಣಿನ ಜಾಗಕ್ಕೆ ಕರ್ಕೊಂಡು ಹೋಗಿ ಹಾಕಿಸೇ ನೋಡಿ, ವರ್ಷಗಟ್ಟಲೆ ಹಾಕದೇ ಬಿಟ್ರೆ ಅದು ಜಾಮ್ ಆಗುತ್ತೆ. ಒಣ ಟಾರ್ ರೋಡಲ್ಲಿ ಬೇಡ, ಗೇರ್‌ಬಾಕ್ಸ್ ಮೇಲೆ ಲೋಡ್ ಬೀಳುತ್ತೆ.

2018ರ ಕೊಡಗಿನ ಮಳೆ ಯಾರೂ ಮರೆತಿಲ್ಲ. ಅಂಥ ಮಳೇಲಿ ನೀರಲ್ಲಿ ನಿಂತ ಗಾಡೀನ ಮಾರೋಕೆ ಎಷ್ಟೇ ತೊಳೆದ್ರೂ ಸೀಟ್ ಬೆಲ್ಟ್ ಪೂರ್ತಿ ಎಳೆದ್ರೆ ಕೊನೇಲಿ ಕೆಸರಿನ ಗೆರೆ ಸಿಗಬಹುದು.

ಇನ್ನೊಂದು, ಚಾಸಿಸ್ ನಂಬರ್ ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೊಂದಿಸಿ ನೋಡಿ. ಸ್ವಂತ ಬಳಕೆ ಗಾಡಿ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ರಿನ್ಯೂವಲ್, ಆ ನಂಬರ್ ಇರೋ ಜಾಗಕ್ಕೇ ತುಕ್ಕು ಹಿಡಿದು ಅಳಿಸಿ ಹೋಗಿದ್ರೆ ಆರ್‌ಟಿಓಗೆ ಅಲೆಯೋದು ಮಾರಿದವನಲ್ಲ, ತಗೊಂಡವನು.

— ಒಬ್ಬ ಮೆಕ್ಯಾನಿಕ್, ಸಕಲೇಶಪುರ