ಅಂದಿನದನ್ನು ಅಂದೇ ಬರೆದಿಡು

ಚಿ. ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಓದಿದ ಕೂಡಲೇ ಉತ್ತರ ಬರೆಯಲು ಕುಳಿತವಳು ನಿನ್ನ ಪಟ್ಟಿಯನ್ನೇ ಮತ್ತೆ ಮತ್ತೆ ಓದುತ್ತಾ ಉಳಿದುಬಿಟ್ಟೆ. ವಸ್ತುಸಂಗ್ರಹಾಲಯಕ್ಕೆ ಒಂದು ದಿನದ ಪ್ರವಾಸ, ಹೊಳೆಯ ಅಧ್ಯಯನಕ್ಕೆ ಎರಡು ದಿನಗಳ ಶಿಬಿರ, ಆರು ಮಂದಿಯ ಗುಂಪಿನಲ್ಲಿ ನೀರಿನ ಪ್ರಾಜೆಕ್ಟ್, ನಾಟಕ, ಚರ್ಚಾಸ್ಪರ್ಧೆ, ಕ್ರೀಡಾಕೂಟ, ಅವಧಿಯ ಕೊನೆಗೆ ವಸ್ತುಪ್ರದರ್ಶನ. "ಎಲ್ಲದಕ್ಕೂ ಹೆಸರು ಕೊಟ್ಟಿದ್ದೇನೆ ದೊಡ್ಡಮ್ಮ, ಒಂದನ್ನೂ ಬಿಡುವುದಿಲ್ಲ" ಎಂದು ಬರೆದಿದ್ದೀಯೆ. ಓದಿ ಮನಸ್ಸು ತುಂಬಿತು. ಆದರೆ ಅದೇ ಪತ್ರದ ಕೊನೆಯಲ್ಲಿ, ಕಳೆದ ವರ್ಷದ ಪ್ರವಾಸದಲ್ಲಿ ಬಸ್ಸಿನಲ್ಲಿ ಹಾಡಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ ಎಂದೂ ಬರೆದಿದ್ದೀಯಲ್ಲ, ನಾನು ಉತ್ತರ ಬರೆಯುತ್ತಿರುವುದು ಆ ಒಂದು ಸಾಲಿಗೆ.

ಬಸ್ಸಿನಲ್ಲಿ ಹಾಡಿದ್ದು ತಪ್ಪಲ್ಲ. ಈ ಸಲವೂ ಹಾಡು, ಗಂಟಲು ಕಟ್ಟುವವರೆಗೆ ಹಾಡು. ಆದರೆ ಜೇಬಿನಲ್ಲಿ ಹಿಡಿಯುವಂಥ ಒಂದು ಪುಟ್ಟ ನೋಟ್‌ಬುಕ್ ಮತ್ತು ಒಂದು ಪೆನ್ಸಿಲ್ ಇಟ್ಟುಕೊಂಡು ಹೋಗು. ಪೆನ್ನು ಬೇಡ, ನೀರು ಬಿದ್ದರೆ ಶಾಯಿ ಹರಡುತ್ತದೆ. ಕಂಡದ್ದನ್ನು ಕಂಡ ದಿನವೇ, ಮಲಗುವ ಮುನ್ನ ಅದರಲ್ಲಿ ಬರೆದಿಡು. ತಾರೀಕು, ಹೊತ್ತು, ಜಾಗ ಮೊದಲು. ಉಳಿದದ್ದು ಆಮೇಲೆ.

ಈ ಮೂರಕ್ಕೆ ಯಾಕಿಷ್ಟು ಒತ್ತು ಕೊಡುತ್ತೇನೆ ಎಂದರೆ, ಅದನ್ನು ಬರೆಯದೆ ಪೇಚಾಡಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಕೂಡ ಒಬ್ಬ. 1835ರಲ್ಲಿ ಅವನು ಗ್ಯಾಲಪಗೋಸ್ ದ್ವೀಪಗಳಿಗೆ ಹೋದಾಗ ಅವನಿಗೆ 26 ವರ್ಷ. ಹಕ್ಕಿಗಳನ್ನು ಸಂಗ್ರಹಿಸಿದ. ಆದರೆ ಪುಟ್ಟ ಫಿಂಚ್ ಹಕ್ಕಿಗಳಲ್ಲಿ ಹೆಚ್ಚಿನವಕ್ಕೆ, ಯಾವುದು ಯಾವ ದ್ವೀಪದ್ದು ಎಂಬ ಚೀಟಿಯನ್ನು ಕಟ್ಟಲಿಲ್ಲ. ಒಂದಕ್ಕೊಂದು ಕಾಣುವಷ್ಟು ಹತ್ತಿರದ ದ್ವೀಪಗಳು, ಎಲ್ಲ ಕಡೆಯೂ ಒಂದೇ ಜೀವಿಗಳು ಇರುತ್ತವೆ ಎಂದು ಅವನು ಭಾವಿಸಿದ್ದ. ಅಲ್ಲಿನ ಆಮೆಗಳನ್ನು ನೋಡಿದರೆ ಯಾವ ದ್ವೀಪದ್ದೆಂದು ಹೇಳಬಹುದು ಎಂದು ಅಲ್ಲಿನ ಅಧಿಕಾರಿಯೊಬ್ಬ ತಿಳಿಸಿದಾಗ ಕೂಡ ಅದರ ಬೆಲೆ ತಕ್ಷಣ ಹೊಳೆಯಲಿಲ್ಲ. ಅಷ್ಟರಲ್ಲಿ ಎರಡು ದ್ವೀಪಗಳ ಸಂಗ್ರಹ ಭಾಗಶಃ ಬೆರೆತೂ ಹೋಗಿತ್ತು. 1837ರಲ್ಲಿ ಲಂಡನ್ನಿನ ಪಕ್ಷಿತಜ್ಞ ಜಾನ್ ಗೂಲ್ಡ್ ಆ ಹಕ್ಕಿಗಳನ್ನು ಪರೀಕ್ಷಿಸಿ, ಇವೆಲ್ಲ ಬೇರೆ ಬೇರೆ ಜಾತಿಯವು ಎಂದಾಗ ಡಾರ್ವಿನ್ನನಿಗೆ ತಾನು ಏನನ್ನು ಬರೆಯದೆ ಬಿಟ್ಟೆ ಎಂಬುದು ಅರಿವಾಯಿತು. ಹಡಗಿನ ಕ್ಯಾಪ್ಟನ್ ಮತ್ತು ಇತರ ಸಹಪ್ರಯಾಣಿಕರು ತಂದಿದ್ದ ಹಕ್ಕಿಗಳನ್ನೂ ಅವಕ್ಕೆ ಅವರು ಹಚ್ಚಿದ್ದ ಚೀಟಿಗಳನ್ನೂ ಕೇಳಿ ಪಡೆಯಬೇಕಾಯಿತು. ಅಂಥವನ ಕಣ್ಣೂ ಆ ದಿನ ಮುಖ್ಯ ಯಾವುದು ಎಂದು ಗುರುತಿಸಲಿಲ್ಲ. ಆದ್ದರಿಂದ, ಇದು ಮುಖ್ಯವೇ ಅಲ್ಲವೇ ಎಂದು ಹೊಳೆಯ ದಡದಲ್ಲಿ ನಿಂತು ಯೋಚಿಸುತ್ತಾ ಕಾಲ ಕಳೆಯಬೇಡ. ಬರೆದುಕೋ.

ಈಗ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನಿನ್ನ ಅಮ್ಮನಿಗೂ ಇದನ್ನು ಹೇಳಿಲ್ಲ.

ನಿನ್ನ ವಯಸ್ಸಿನಲ್ಲಿ ನನಗೂ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ನೆರಳಿನಲ್ಲಿ ತೂಗುಹಾಕಿದ ಥರ್ಮಾಮೀಟರನ್ನು 30 ದಿನ, ಪ್ರತಿ ಮಧ್ಯಾಹ್ನ ಒಂದೇ ಹೊತ್ತಿಗೆ ನೋಡಿ ಉಷ್ಣತೆ ಬರೆಯಬೇಕು. ನಾನೂ ನಿನ್ನಂತೆಯೇ ನಾಟಕಕ್ಕೆ, ಓಟಕ್ಕೆ, ಎಲ್ಲದಕ್ಕೂ ಹೆಸರು ಕೊಟ್ಟಿದ್ದೆ. ನಾಟಕದ ಅಭ್ಯಾಸ ಮಧ್ಯಾಹ್ನದ ಹೊತ್ತಿಗೇ ಬಂತು. ಒಂಬತ್ತು ದಿನ ಥರ್ಮಾಮೀಟರಿನ ಕಡೆ ಸುಳಿಯಲಿಲ್ಲ. ಕೊನೆಯ ರಾತ್ರಿ ಕುಳಿತು ಆ ಒಂಬತ್ತು ಮನೆಗಳನ್ನು ಊಹೆಯಿಂದ ತುಂಬಿಸಿ, ನಕ್ಷೆಗೆ ಬಣ್ಣ ಹಚ್ಚಿ ಒಪ್ಪಿಸಿದೆ. ಟೀಚರ್ ನಕ್ಷೆಯ ಮೇಲೆ ಬೆರಳು ಆಡಿಸುತ್ತಾ ಬಂದು ಆ ಜಾಗದಲ್ಲಿ ನಿಂತರು. "ಉಳಿದ ದಿನಗಳಲ್ಲಿ ಗೆರೆ ಏರುತ್ತದೆ, ಬೀಳುತ್ತದೆ, ಎರಡೆರಡು ದಿನ ಒಂದೇ ಅಂಕಿ ಬರುತ್ತದೆ. ಈ ಒಂಬತ್ತು ದಿನ ಮಾತ್ರ ಹವೆ ನಿನ್ನ ಮಾತು ಕೇಳಿದೆ" ಎಂದರು. ಗದರಲಿಲ್ಲ. ನಾನು ನೆಲ ನೋಡುತ್ತಾ ನಿಂತಿದ್ದೆ. ಅವರು ರಬ್ಬರು ಕೊಟ್ಟು, ಒಂಬತ್ತನ್ನೂ ಅಳಿಸಿ, ಕೆಳಗೆ "ಈ ದಿನಗಳಲ್ಲಿ ಅಳೆಯಲಿಲ್ಲ, ನಾಟಕದ ಅಭ್ಯಾಸವಿತ್ತು" ಎಂದು ಬರೆಯಲು ಹೇಳಿದರು. ಬಣ್ಣದ ನಕ್ಷೆಯ ನಡುವೆ ಬಿಳಿ ಕಿಂಡಿ ಇದ್ದಂತೆ ಆಯಿತು. ಅದನ್ನು ಹಾಗೆಯೇ ಗೋಡೆಗೆ ತೂಗುಹಾಕಿದರು. ಮುಂದೆ ನಾನು ಟೀಚರಾದ ಮೇಲೆ ನೂರಾರು ಮಕ್ಕಳ ಪ್ರಾಜೆಕ್ಟ್ ನೋಡಿದ್ದೇನೆ. ಪ್ರತಿ ಸಲವೂ ನನ್ನ ಕಣ್ಣು ಮೊದಲು ಹುಡುಕುತ್ತಿದ್ದದ್ದು ಖಾಲಿ ಬಿಟ್ಟ ಮನೆಗಳನ್ನು. ಅವಿದ್ದರೆ ಉಳಿದ ಅಂಕಿಗಳನ್ನು ನಂಬುತ್ತಿದ್ದೆ.

ಹಾಗಾಗಿ ನಿನ್ನ ಪಟ್ಟಿಯಿಂದ ಒಂದನ್ನು ಬಿಡು. ಯಾವುದನ್ನು ಎಂದು ನಾನು ಹೇಳುವುದಿಲ್ಲ, ನಿನಗೆ ಗೊತ್ತಿರುತ್ತದೆ. ಗೆಳತಿಯರು ಕೊಟ್ಟರೆಂದು ಹೆಸರು ಕೊಟ್ಟದ್ದು ಯಾವುದೋ ಅದನ್ನು. ಬಿಡುವುದನ್ನು ಈ ವಾರವೇ ಬಿಡು. ನಾಟಕಕ್ಕೆ ಹದಿನೈದು ದಿನವಿರುವಾಗ ಕೈಬಿಟ್ಟರೆ ನಿನ್ನ ಪಾತ್ರದ ಎದುರು ಮಾತಾಡಬೇಕಾದ ಹುಡುಗಿ ಅಳುತ್ತಾಳೆ.

ಹೊಳೆಯ ಕೆಲಸದ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಬರೆಯುತ್ತೇನೆ, ಅದು ನನಗೆ ಬಹಳ ಪ್ರೀತಿಯ ಕೆಲಸ. ನೀರು ಎಷ್ಟು ಹರಿಯುತ್ತಿದೆ ಎಂದು ಅಳೆಯಲು ದೊಡ್ಡ ಉಪಕರಣ ಬೇಕಿಲ್ಲ. ನೇರವಾಗಿ ಹರಿಯುವ ಕಡೆ ದಡದ ಮೇಲೆ 10 ಮೀಟರ್ ಅಳೆದು ಎರಡು ಗೂಟ ನೆಡಿ. ಮೇಲಿನ ಗೂಟಕ್ಕಿಂತ ಸ್ವಲ್ಪ ಹಿಂದೆ ಒಂದು ಒಣ ಕಡ್ಡಿಯನ್ನು ನೀರಿಗೆ ಬಿಟ್ಟು, ಮೊದಲ ಗೂಟದಿಂದ ಎರಡನೆಯದಕ್ಕೆ ಬರುವ ಹೊತ್ತನ್ನು ಸ್ಟಾಪ್‌ವಾಚಿನಲ್ಲಿ ಹಿಡಿಯಿರಿ. ದಡದ ಬಳಿ, ನಡುವೆ, ಆಚೆ ಬದಿಯಲ್ಲಿ ಹೀಗೆ ಹಲವು ಸಲ ಮಾಡಿ ಸರಾಸರಿ ತೆಗೆಯಿರಿ. 20 ಸೆಕೆಂಡ್ ಬಂತೆನ್ನು, ವೇಗ ಸೆಕೆಂಡಿಗೆ ಅರ್ಧ ಮೀಟರ್. ಆದರೆ ಕಡ್ಡಿ ತೇಲುವುದು ಮೇಲ್ಪದರದಲ್ಲಿ. ತಳದ ನೀರನ್ನು ಕಲ್ಲುಮಣ್ಣು ತಡೆಯುವುದರಿಂದ ಅದು ನಿಧಾನ. ಅದಕ್ಕೇ ಬಂದ ವೇಗವನ್ನು ಸುಮಾರು 0.85ರಿಂದ ಗುಣಿಸುತ್ತಾರೆ. ಹೊಳೆ 4 ಮೀಟರ್ ಅಗಲ, ಸರಾಸರಿ 30 ಸೆಂಟಿಮೀಟರ್ ಆಳ ಇದ್ದರೆ ಅಡ್ಡಕೊಯ್ತ, ಅಂದರೆ ಅಗಲವನ್ನು ಆಳದಿಂದ ಗುಣಿಸಿದ್ದು, 1.2 ಚದರ ಮೀಟರ್. ಅದನ್ನು ಆ ತಗ್ಗಿಸಿದ ವೇಗದಿಂದ ಗುಣಿಸಿ ನೋಡು, ಪ್ರತಿ ಸೆಕೆಂಡಿಗೆ 510 ಲೀಟರ್! ಕಾಲು ಒದ್ದೆ ಮಾಡಿಕೊಂಡು ದಾಟುವ ಹೊಳೆಯಲ್ಲಿ ಅಷ್ಟು ನೀರು. ಈ ಲೆಕ್ಕ ಮೊದಲ ಬಾರಿ ಕೈಗೆ ಹತ್ತಿದ ದಿನ ನಾನು ದಡದಲ್ಲಿ ಬಹಳ ಹೊತ್ತು ನಿಂತಿದ್ದೆ.

ಒಂದು ಕಟ್ಟುನಿಟ್ಟಿನ ಮಾತು. ಆಳ ಅಳೆಯಲು ಟೀಚರ್ ತೋರಿಸಿದ ಜಾಗದಲ್ಲಿ, ಅವರು ಎದುರಿಗಿದ್ದಾಗ ಮಾತ್ರ ನೀರಿಗೆ ಇಳಿಯಬೇಕು, ಮೊಣಕಾಲಿಗಿಂತ ಮೇಲೆ ನೀರಿದ್ದರೆ ಇಳಿಯಲೇಬಾರದು. ನೀರು ದಿಢೀರನೆ ಕೆಂಪಾದರೆ, ಏರಿದರೆ, ಗೂಟ, ಗಡಿಯಾರ ಎಲ್ಲ ಬಿಟ್ಟು ಮೇಲೆ ಬನ್ನಿ. ನೋಟ್‌ಬುಕ್ಕನ್ನೂ ಬಿಟ್ಟು ಬಾ.

ಆರು ಮಂದಿಯ ಗುಂಪಿನ ಬಗ್ಗೆ ನನಗೆ ನಿನ್ನದೇ ಚಿಂತೆ. ನಿನ್ನನ್ನು ಬಲ್ಲೆ, ಕೊನೆಗೆ ಎಲ್ಲರ ಕೆಲಸವನ್ನೂ ನೀನೇ ಮೈಮೇಲೆ ಹಾಕಿಕೊಂಡು ರಾತ್ರಿಯೆಲ್ಲ ಎಚ್ಚರವಿರುತ್ತೀಯೆ. ಫ್ರಾನ್ಸಿನ ಮ್ಯಾಕ್ಸ್ ರಿಂಗೆಲ್ಮನ್ ಎಂಬ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದು 1913ರಲ್ಲಿ ಪ್ರಕಟಿಸಿದ. ಎಂಟು ಮಂದಿ ಸೇರಿ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ, ಒಂಟಿಯಾಗಿ ಎಳೆದಾಗ ಇದ್ದುದರ ಸುಮಾರು ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯದಿರುವುದು ಒಂದು ಕಾರಣ, ಪಕ್ಕದವನು ಎಳೆಯುತ್ತಾನೆ ಎಂಬ ಭರವಸೆ ಇನ್ನೊಂದು. ಮುಂದೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ, ಯಾರ ಪಾಲು ಎಷ್ಟು ಎಂಬುದು ಗೊತ್ತಾಗುವಂತಿದ್ದಾಗ ಈ ಸಡಿಲ ಕಡಿಮೆಯಾದದ್ದು ಕಂಡುಬಂತು. ಆದ್ದರಿಂದ ಸೋಮಾರಿಗಳೆಂದು ಯಾರನ್ನೂ ಬೈಯಬೇಡ. ಮೊದಲ ದಿನವೇ ಗಡಿಯಾರ ಯಾರು, ಕಡ್ಡಿ ಬಿಡುವವರು ಯಾರು, ಆಳ ಅಳೆಯುವವರು ಯಾರು, ಬರೆಯುವವರು ಯಾರು ಎಂದು ಹಂಚಿಕೊಳ್ಳಿ. ಪ್ರತಿ ಅಂಕಿಯ ಮುಂದೆ ಅಳೆದವರ ಹೆಸರು ಇರಲಿ. ಮಧ್ಯಾಹ್ನದ ಮೇಲೆ ಕೆಲಸ ಬದಲಾಯಿಸಿಕೊಳ್ಳಿ. ಮಾತೇ ಆಡದ ಹುಡುಗನೊಬ್ಬ ಗುಂಪಿನಲ್ಲಿದ್ದಾನೆ ಎಂದಿದ್ದೆಯಲ್ಲ, ಗಡಿಯಾರ ಅವನ ಕೈಗೆ ಕೊಡು. "ಈಗ" ಎಂದು ಅವನೇ ಕೂಗಬೇಕಾಗುತ್ತದೆ.

ವಸ್ತುಸಂಗ್ರಹಾಲಯದಲ್ಲಿ ಎಲ್ಲ ಕೋಣೆಗಳನ್ನೂ ಮುಗಿಸಲು ಓಡಬೇಡ. ಎರಡು ವಸ್ತುಗಳನ್ನು ಆರಿಸಿ, ಪ್ರತಿಯೊಂದರ ಮುಂದೆ ಕಾಲು ಗಂಟೆ ನಿಂತು ಚಿತ್ರ ಬರೆ. ಚಿತ್ರ ಚೆನ್ನಾಗಿರಬೇಕಿಲ್ಲ. ಮಡಕೆಯ ಹಿಡಿ ಎಲ್ಲಿ ಸೇರುತ್ತದೆ ಎಂಬುದು ಅದನ್ನು ಬಿಡಿಸಹೊರಟಾಗಲೇ ಕಣ್ಣಿಗೆ ಬೀಳುವುದು. ಫೋಟೊ ತೆಗೆದರೆ ನೋಡುವ ಕೆಲಸ ಫೋನಿಗೆ ಹೋಗುತ್ತದೆ.

ಪ್ರದರ್ಶನದ ದಿನ ಬಂದವರೆಲ್ಲ ಪ್ರಶ್ನೆ ಕೇಳುತ್ತಾರೆ. ಬಾಯಿಪಾಠ ಮಾಡಿಕೊಂಡು ನಿಲ್ಲಬೇಡ. ಗೊತ್ತಿಲ್ಲದ್ದನ್ನು ಕೇಳಿದರೆ "ಅದನ್ನು ನಾವು ಅಳೆಯಲಿಲ್ಲ" ಎಂದು ನೆಟ್ಟಗೆ ಹೇಳು. ತೀರ್ಪುಗಾರರು ಅಂಕ ಕಡಿಮೆ ಕೊಟ್ಟರೆ ಕೊಡಲಿ. ನಿನ್ನ ಅಪ್ಪನಿಗೆ ಅಂಕದ ಚಿಂತೆ ಇದ್ದರೆ ನನ್ನೊಡನೆ ಮಾತಾಡಲು ಹೇಳು, ನಾನು ನೋಡಿಕೊಳ್ಳುತ್ತೇನೆ.

ಶಿಬಿರ ಮುಗಿದು ಮನೆಗೆ ಬಂದ ಮೇಲೆ ಹೊಳೆಯ ಪುಟಗಳನ್ನು ನನಗೆ ಕಳಿಸು. ಅಂದವಾಗಿ ಮತ್ತೆ ಬರೆದದ್ದು ಬೇಡ. ಕೆಸರಿನ ಬೆರಳಗುರುತು, ಹೊಡೆದುಹಾಕಿದ ಅಂಕಿ, ಖಾಲಿ ಬಿಟ್ಟ ಮನೆ ಎಲ್ಲ ಇರುವ ಆ ಪುಟಗಳನ್ನೇ ಕಳಿಸು. ಕನ್ನಡಕ ಬದಲಾಯಿಸಿದ್ದೇನೆ, ಪೆನ್ಸಿಲಿನ ಸಣ್ಣ ಅಕ್ಷರವೂ ಕಾಣಿಸುತ್ತದೆ.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ