ಮನಸ್ಸು ಬರಲೆಂದು ಕಾಯುವುದು ಬೇಡ

ಮಾನ್ಯ ಸಂಪಾದಕರೇ,

ಖಿನ್ನತೆಯಲ್ಲಿರುವವರಿಗೆ ಮನೆಯವರು ಮೊದಲು ಹೇಳುವ ಮಾತು ‘ಮನಸ್ಸು ಗಟ್ಟಿ ಮಾಡ್ಕೋ’. ಹೇಳುವುದು ಕಾಳಜಿಯಿಂದಲೇ. ಆದರೆ ಅವರ ಕಿವಿಗೆ ಅದು ‘ತಪ್ಪು ನಿನ್ನದೇ’ ಎಂದು ಬೀಳುತ್ತದೆ. ಬೇಸರ ಯಾರಿಗಿಲ್ಲ? ಆದರೆ ದಿನದ ಬಹುಪಾಲು ಮಂಕು ಕವಿದು, ಇಷ್ಟದ ಕೆಲಸವೂ ಬೇಡವಾಗಿ, ನಿದ್ದೆ ಊಟ ಏರುಪೇರಾಗಿ ಎರಡು ವಾರ ಕಳೆದರೆ ಅದನ್ನು ಸೋಮಾರಿತನ ಎನ್ನಬಾರದು. ನಮ್ಮಲ್ಲಿ ಎಷ್ಟೋ ಜನ ಬೇಜಾರು ಎನ್ನುವುದೇ ಇಲ್ಲ. ತಲೆಭಾರ, ಮೈಕೈ ನೋವು, ಸುಸ್ತು ಎನ್ನುತ್ತಾರೆ. ರಕ್ತಹೀನತೆ, ಥೈರಾಯ್ಡ್ ಇದೆಯೇ ಎಂದು ಒಮ್ಮೆ ನೋಡಿಸಿ, ಮನಸ್ಸಿನ ಬಗ್ಗೆಯೂ ವೈದ್ಯರಲ್ಲಿ ಬಾಯಿಬಿಟ್ಟು ಹೇಳಬೇಕು.

ಸುಸ್ತೆಂದು ಕೆಲಸ ಬಿಡುತ್ತಾರೆ. ಬಿಟ್ಟಷ್ಟೂ ನಾಲ್ಕು ಜನರ ಮಾತು, ಕೆಲಸ ಮುಗಿಸಿದ ಸಮಾಧಾನ ಎರಡೂ ತಪ್ಪಿ ಮನಸ್ಸು ಇನ್ನೂ ಕುಗ್ಗುತ್ತದೆ. ಈ ಸುಳಿಯನ್ನು ಕೆಲಸದ ಕಡೆಯಿಂದಲೇ ಬಿಡಿಸುವ ಚಿಕಿತ್ಸೆಗೆ ಬಿಹೇವಿಯರಲ್ ಆಕ್ಟಿವೇಶನ್ ಎನ್ನುತ್ತಾರೆ. ಶುರುಮಾಡಲು ಒಂದು ನೋಟ್‌ಬುಕ್ ಸಾಕು. ಹಾಳೆಯಲ್ಲಿ ಮೂರು ಕಲಂ: ಗಂಟೆ, ಮಾಡಿದ ಕೆಲಸ, ಆಗಿನ ಮನಸ್ಸಿಗೆ 0ಯಿಂದ 10ರೊಳಗೆ ಅಂಕ. ಮೊದಲ ವಾರ ಏನನ್ನೂ ಬದಲಿಸದೆ ಬರೆದಿಡಿ. ಮಧ್ಯಾಹ್ನ ಮುಸುಕು ಹೊದ್ದು ಮಲಗಿದ್ದಾಗ 2, ಅಂಗಡಿಗೆ ಹೋಗಿ ಹಾಲು ತಂದಾಗ 4 ಎಂದಿದ್ದರೆ, ಆ ಎರಡು ಅಂಕದ ವ್ಯತ್ಯಾಸವೇ ದಾರಿ ತೋರಿಸುತ್ತದೆ. ಎರಡನೇ ವಾರ ದಿನಕ್ಕೆ ಅಂಥ ಎರಡು ಕೆಲಸ, ಹತ್ತು ಹತ್ತು ನಿಮಿಷ, ಗೊತ್ತುಮಾಡಿದ ಹೊತ್ತಿಗೆ. ಏಳುವ ಸಮಯವೂ ದಿನಾ ಒಂದೇ ಇರಲಿ.

ಇದು ಕೈಕೊಡುವುದು ಹೆಚ್ಚಾಗಿ ಮೊದಲ ದಿನವೇ ಐದು ಕಿಲೋಮೀಟರ್ ನಡೆಯಲು ಹೊರಟವರಿಗೆ. ಅವರು ಮೂರನೇ ದಿನ ಏಳುವುದಿಲ್ಲ. ಗೇಟಿನವರೆಗೆ ನಡೆದರೂ ಲೆಕ್ಕಕ್ಕೆ ಬರೆಯಿರಿ. ಖುಷಿಯಾಗಲಿಲ್ಲವೆಂದು ಬಿಡಬೇಡಿ, ಮೊದಲು ಕೆಲಸ ನಡೆಯಬೇಕು, ಮನಸ್ಸು ಆಮೇಲೆ ಬರುತ್ತದೆ. ಮನೆಯವರು ‘ಹೋಗು’ ಎನ್ನುವ ಬದಲು ಚಪ್ಪಲಿ ಮೆಟ್ಟಿ ಜೊತೆಗೆ ಹೊರಡಲಿ.

ವೈದ್ಯರು ಮಾತ್ರೆ ಬರೆದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ವಾಕರಿಕೆಯಂಥ ತೊಂದರೆ ಮಾತ್ರ ಮೊದಲ ವಾರವೇ ಬರಬಹುದು, ಹೆಚ್ಚಿನವರಿಗೆ ಅದು ತಾನಾಗಿ ಇಳಿಯುತ್ತದೆ. ಅಲ್ಲಿಗೇ ನಿಲ್ಲಿಸುವವರು ಒಂದಷ್ಟು ಜನ, ಗುಣವಾಯಿತೆಂದು ಎರಡೇ ತಿಂಗಳಿಗೆ ನಿಲ್ಲಿಸುವವರು ಇನ್ನಷ್ಟು ಜನ. ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ ‘ಸಾಯುವ ಯೋಚನೆ ಬರುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಕೀಟನಾಶಕದ ಡಬ್ಬಿಯನ್ನು ಅಂದೇ ಮನೆಯಿಂದ ಸಾಗಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಹಳ್ಳಿಯ ಮನೆಗಳಲ್ಲಿ ಪತ್ರಿಕೆ ಬಿಡಿಸಿದೊಡನೆ ನೋಡುವುದು ಮಾರುಕಟ್ಟೆ ಧಾರಣೆ. ಆ ಪಟ್ಟಿಯ ಕೆಳಗೆ ಈ ಐದು ಅಂಕಿಗಳನ್ನು ದಿನವೂ ಅಚ್ಚು ಮಾಡಬೇಕೆಂದು ವಿನಂತಿ.

– ಮನೋಆರೋಗ್ಯ ಕಾರ್ಯಕರ್ತರು, ಚಿತ್ರದುರ್ಗ